ಮಿಲಿಟರಿಯವರಿಗೆ ಬೇರೆ ಎಂತ ಕೆಲಸ ಬರ್ತದೆ?

ಸೈನ್ಯದಿಂದ ಬಂದವನು ಊರಿನಲ್ಲಿ ಕೆಲಸ ಹುಡುಕಲು ಹೊರಟರೆ ತಿಂಗಳಿಗೊಂದಾದರೂ ಫಜೀತಿ ಆಗುತ್ತಲೇ ಇರುತ್ತದೆ. ನನಗೆ ಮಾತ್ರ ವಾರಕ್ಕೊಂದು ಆಯಿತು. ಹದಿನೇಳು ವರ್ಷ ಸೈನ್ಯದ ಸರಬರಾಜು ವಿಭಾಗದಲ್ಲಿದ್ದೆ. ಅಕ್ಕಿ, ಬೇಳೆ, ಸೀಮೆಎಣ್ಣೆಯಿಂದ ಹಿಡಿದು ಹಿಮದ ಬೂಟಿನವರೆಗೆ ಎಲ್ಲವನ್ನೂ ಲೆಕ್ಕ ತಪ್ಪದೆ ಬೆಟ್ಟ ಹತ್ತಿಸುವುದು ನನ್ನ ಕೆಲಸ. ನಿವೃತ್ತಿಯಾದಾಗ ವಯಸ್ಸು ಮೂವತ್ತೇಳು. ವಾಮದಪದವಿನ ಮನೆಗೆ ಬಂದು ಎರಡು ತಿಂಗಳು ಕೂತೆ. ಅಡುಗೆಮನೆಯ ಡಬ್ಬಿಗಳಿಗೆಲ್ಲ ನಂಬರು ಹಾಕಿ, ಸಾಸಿವೆ ಮುಗಿದರೆ ಲಿಖಿತವಾಗಿ ತಿಳಿಸಬೇಕೆಂದು ನಿಯಮ ಮಾಡಿದ ದಿನ ಹೆಂಡತಿ ಹೇಳಿದಳು: "ನೋಡಿ, ಒಂದೋ ನೀವು ಹೊರಗೆ ಕೆಲಸ ಹುಡುಕಿ, ಇಲ್ಲದಿದ್ದರೆ ನಾನು ಹುಡುಕ್ತೇನೆ."

ನಾನು ಬಯೋಡೇಟಾ ಮಾಡಿಸಲು ಹೊರಟೆ.

೧. ಯಾವ ನಾಯಕ್?

ನಿವೃತ್ತಿಯ ಹೊತ್ತಿಗೆ ನನ್ನ ಹುದ್ದೆ ನಾಯಕ್. ಸಿಪಾಯಿಗಿಂತ ಎರಡು ಮೆಟ್ಟಿಲು ಮೇಲೆ, ಹವಾಲ್ದಾರನಿಗಿಂತ ಒಂದು ಮೆಟ್ಟಿಲು ಕೆಳಗೆ. ಬಂಟ್ವಾಳದ ಟೈಪಿಂಗ್ ಅಂಗಡಿಯ ಹುಡುಗಿಗೆ ಇದನ್ನೆಲ್ಲ ವಿವರಿಸಿ ಹೇಳಿದ್ದೆ. ಅವಳು "ಗೊತ್ತಾಯ್ತು ಅಂಕಲ್" ಎಂದು ನಾಯಕ್ ಎಂಬುದನ್ನು ನನ್ನ ಹೆಸರಿನ ಕೊನೆಗೆ ಜೋಡಿಸಿದಳು. ಇಪ್ಪತ್ತು ಪ್ರತಿ ಹಂಚಿದ ಮೇಲೆ ನನಗದು ಕಂಡಿತು.

ಮೂರನೇ ದಿನ ಪೇಟೆಯ ಒಬ್ಬ ಜಿನಸಿ ವ್ಯಾಪಾರಿಯಿಂದ ಫೋನು. ಎತ್ತಿದ ಕೂಡಲೇ ಬಹಳ ಪ್ರೀತಿಯಿಂದ ಕೊಂಕಣಿಯಲ್ಲಿ ಶುರು ಮಾಡಿದರು. ನನಗೆ ತುಳು ಬರುತ್ತದೆ, ಕನ್ನಡ ಬರುತ್ತದೆ, ಸೈನ್ಯದ ಹಿಂದಿ ಬರುತ್ತದೆ. ಕೊಂಕಣಿ ಬರುವುದಿಲ್ಲ. ಆದರೆ ಅರ್ಥವಾಗದ್ದಕ್ಕೆಲ್ಲ "ಹೌದು ಸರ್" ಎನ್ನುವುದು ಹದಿನೇಳು ವರ್ಷದ ಅಭ್ಯಾಸ. ಐದು ನಿಮಿಷ ಹೌದು ಸರ್, ಹೌದು ಸರ್ ಎಂದೆ. ಅವರಿಗೆ ಬಹಳ ಸಂತೋಷವಾದ ಹಾಗೆ ಕಂಡಿತು. ಕೊನೆಗೆ ಮನಸ್ಸು ತಡೆಯದೆ, "ಸರ್, ನನಗೆ ಕೊಂಕಣಿ ಬರುವುದಿಲ್ಲ. ನಾಯಕ್ ಎಂಬುದು ನಿಮ್ಮ ಕೊಂಕಣಿಯವರ ಮನೆತನವಲ್ಲ, ಸೈನ್ಯದ ಹುದ್ದೆ" ಎಂದೆ.

ಅವರು ಕನ್ನಡಕ್ಕೆ ಹೊರಳಿ ಕೇಳಿದರು: "ಮತ್ತೆ ಮದುವೆಯಾಗಿಲ್ಲವಾ ಅಂತ ಕೇಳಿದ್ದಕ್ಕೂ ಹೌದು ಅಂದ್ರಲ್ಲ ಮಾರಾಯ್ರೆ?"

ಪುಣ್ಯಕ್ಕೆ ಹೆಂಡತಿ ಹಿತ್ತಿಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ನಾನು ಸೀದಾ ಟೈಪಿಂಗ್ ಅಂಗಡಿಗೆ ಹೋಗಿ ರೇಗಿದೆ. ಹುಡುಗಿ ತಾಳ್ಮೆಯಿಂದ ತಿದ್ದಿಕೊಟ್ಟಳು. ಈ ಸಲ ನಾಯಕ್ ಹೆಸರಿಗಿಂತ ಬಹಳ ಕೆಳಗೆ, ಬೇರೆಯೇ ಸಾಲಿನಲ್ಲಿತ್ತು: "ಮಾಜಿ ನಾಯಕ, ಹದಿನೇಳು ವರ್ಷದ ಅನುಭವ."

ಮರುದಿನ ಹಂಚಿನ ಕಾರ್ಖಾನೆಯವರು ಅದನ್ನು ಎರಡೆರಡು ಸಲ ಓದಿ, ಧ್ವನಿ ತಗ್ಗಿಸಿ ಕೇಳಿದರು: "ಯಾವ ಪಾರ್ಟಿ?"

೨. ನೀಲಿ ಬಾಟ್ಲಿ

ಮೂಡಬಿದಿರೆಯ ಒಂದು ಶಾಲೆಯಲ್ಲಿ ಬಸ್ಸುಗಳ ಉಸ್ತುವಾರಿಗೆ ಜನ ಬೇಕಾಗಿತ್ತು. ಇದು ನನಗೇ ಹೇಳಿ ಮಾಡಿಸಿದ ಕೆಲಸ ಎಂದುಕೊಂಡೆ. ಸಂಚಾಲಕರ ಎದುರು ನೆಟ್ಟಗೆ ಕೂತು ಹೇಳಿದೆ: "ಸರ್, ಮೂವತ್ತು ಲಾರಿಗಳ ಸಾಲನ್ನು ಹಿಮದ ದಾರಿಯಲ್ಲಿ ಕರೆದುಕೊಂಡು ಹೋದವ ನಾನು. ಒಂದು ಬದಿ ಬಂಡೆ, ಇನ್ನೊಂದು ಬದಿ ಪ್ರಪಾತ. ಒಂದು ಲಾರಿಯೂ ತಪ್ಪಲಿಲ್ಲ, ಒಂದು ಚೀಲವೂ ಕಡಿಮೆಯಾಗಲಿಲ್ಲ."

ಅವರು ಕಣ್ಣು ಮುಚ್ಚಿ ಕೇಳಿದರು. "ಭಾರೀ ಒಳ್ಳೇದು. ಆ ಲಾರಿಗಳಲ್ಲಿ ಮಕ್ಕಳಿದ್ದರಾ?"

"ಇಲ್ಲ ಸರ್."

"ಮಕ್ಕಳ ಅಮ್ಮಂದಿರು?"

"ಅವರು ಯಾಕೆ ಸರ್ ಅಲ್ಲಿಗೆ..."

"ಹಾಗಾದರೆ ಅದು ಅನುಭವ ಅಂತ ಲೆಕ್ಕಕ್ಕೆ ಬರುವುದಿಲ್ಲ" ಎಂದರು. ಅಷ್ಟರಲ್ಲಿ ಮೇಜಿನ ಫೋನು ಬಡಿಯಿತು. ಅವರು ಎತ್ತಲಿಲ್ಲ. ನನ್ನ ಕಡೆ ತಳ್ಳಿದರು. "ಸಿದ್ಧಕಟ್ಟೆ ರೂಟು. ನೀವೇ ಮಾತಾಡಿ ನೋಡುವ."

ಒಬ್ಬ ತಾಯಿ. ಮಗಳ ನೀರಿನ ಬಾಟ್ಲಿ ಬಸ್ಸಿನಲ್ಲಿ ಬಾಕಿಯಾಗಿದೆಯಂತೆ. ನಾನು ಕ್ರಮಪ್ರಕಾರ ಬಣ್ಣ, ಅಳತೆ, ಕೊನೆಯದಾಗಿ ಕಂಡ ಜಾಗ ಕೇಳಿದೆ. "ನೀಲಿ. ಆದರೆ ನಮ್ಮ ನೀಲಿ ಬೇರೆ" ಎಂದರು. ಯಾವ ನೀಲಿ ಎಂದೆ. "ನೀವು ಯಾರು? ಮೊದಲಿನವರಿಗೆ ನಮ್ಮ ಬಾಟ್ಲಿ ಗೊತ್ತಿತ್ತು" ಎಂದರು. ಅಲ್ಲಿಂದ ಮಾತು ಬಾಟ್ಲಿ ಬಿಟ್ಟು ಕಿಟಕಿ ಸೀಟಿಗೆ ಹೋಯಿತು, ಸೀಟಿನಿಂದ ಮಗಳ ಕೆಮ್ಮಿಗೆ, ಕೆಮ್ಮಿನಿಂದ ಡ್ರೈವರನ ಹಾಡಿಗೆ. ಫೋನು ಇಟ್ಟಾಗ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಆ ಪ್ರಪಾತದ ದಾರಿಯಲ್ಲಿಯೂ ನಾನು ಅಷ್ಟು ಬೆವರಿರಲಿಲ್ಲ.

ಸಂಚಾಲಕರಿಗೆ ಪಾಪ ಎನಿಸಿರಬೇಕು. "ಕೆಲಸದ ವಿಷಯ ಆಮೇಲೆ ತಿಳಿಸ್ತೇವೆ. ಆದರೆ ಸೈನಿಕರನ್ನು ಬರಿಗೈಯಲ್ಲಿ ಕಳಿಸುವುದು ಸರಿಯಲ್ಲ" ಎಂದು ಮಕ್ಕಳನ್ನೆಲ್ಲ ಅಂಗಳದಲ್ಲಿ ಸೇರಿಸಿ, ನನಗೊಂದು ಶಾಲು ಹೊದಿಸಿ, ಚಪ್ಪಾಳೆ ತಟ್ಟಿಸಿ ಕಳಿಸಿದರು.

ಇದು ಹೊಸತೇನಲ್ಲ. ಹೋದಲ್ಲೆಲ್ಲ ಕೆಲಸ ಕೇಳಿದರೆ ಶಾಲು ಕೊಡುತ್ತಿದ್ದರು. ಮನೆಗೆ ಬಂದಾಗ ಹೆಂಡತಿ ಎಂತಾಯ್ತು ಎಂದೂ ಕೇಳಲಿಲ್ಲ. ಕಪಾಟು ತೆರೆದು ಹಿಂದಿನ ನಾಲ್ಕರ ಮೇಲೆ ಇದನ್ನೂ ಮಡಚಿಟ್ಟು ಹೇಳಿದಳು: "ಇನ್ನೊಂದು ಹತ್ತು ಇಂಟರ್‌ವ್ಯೂಗೆ ಹೋಗಿ. ಆಮೇಲೆ ಶಾಲಿನದ್ದೇ ಅಂಗಡಿ ಹಾಕುವ."

೩. ಹನ್ನೆರಡೂವರೆಗೆ ಎಂದರೆ ಹನ್ನೆರಡೂವರೆಗೆ

ಬೆಳ್ತಂಗಡಿಯ ಅಡುಗೆ ಕಂಟ್ರಾಕ್ಟರರೊಬ್ಬರು ಮಾತ್ರ ನನ್ನ ಮಾತನ್ನು ಸರಿಯಾಗಿ ಕೇಳಿದರು. ಎಂಟುನೂರು ಜನರಿಗೆ ಮೂರು ಹೊತ್ತು ಊಟ ಹಾಕಿಸಿದವ ಎಂದದ್ದಕ್ಕೆ, "ನಾಡಿದ್ದು ಒಂದು ಮದುವೆ ಉಂಟು. ಬಡಿಸುವವರ ಮೇಲ್ವಿಚಾರಣೆ ನಿಮಗೆ. ಸರಿಯಾದರೆ ಖಾಯಂ" ಎಂದರು.

ಆಮಂತ್ರಣ ಪತ್ರಿಕೆಯನ್ನು ಆದೇಶದ ಹಾಗೆ ಓದಿದೆ. ಭೋಜನ ಹನ್ನೆರಡೂವರೆಗೆ ಎಂದಿತ್ತು. ಬಡಿಸುವವರನ್ನು ಮೂರು ತಂಡ ಮಾಡಿದೆ. ಉಪ್ಪಿನಕಾಯಿಯವನಿಂದ ಪಾಯಸದವನವರೆಗೆ ಯಾರು ಎಲ್ಲಿಂದ ಹೊರಟು ಎಲ್ಲಿ ತಿರುಗಬೇಕೆಂದು ನೆಲದಲ್ಲಿ ಸೀಮೆಸುಣ್ಣದ ಗೆರೆ ಎಳೆದೆ. ಹನ್ನೆರಡೂವರೆಗೆ ಊಟದ ಹಾಲಿನ ಬಾಗಿಲು ತೆರೆದೆ. ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಕೊನೆಯ ಪಂಕ್ತಿ ಎದ್ದಿತು, ಎಲೆ ತೆಗೆದಾಯಿತು, ನೆಲ ಒರೆಸಿಯೂ ಆಯಿತು. ಸೈನ್ಯದಲ್ಲಾದರೆ ಬೆನ್ನು ತಟ್ಟುತ್ತಿದ್ದರು.

ಕಂಟ್ರಾಕ್ಟರರು ಓಡಿ ಬಂದರು. ಹಿಂದೆಯೇ ಮದುಮಗಳ ಅಪ್ಪ. ಅವರ ಹಿಂದೆ ಫೋಟೋದವನು.

"ಜನ ಎಲ್ಲಿ?" ಎಂದರು ಅಪ್ಪ.

"ಎಲ್ಲರ ಊಟವೂ ಮುಗಿಯಿತು ಸರ್."

"ಧಾರೆಯೇ ಈಗ ಮುಗಿದದ್ದು!"

ಹೋಗಿ ನೋಡಿದೆ. ಮದುಮಕ್ಕಳು ವೇದಿಕೆಯಲ್ಲಿ ಹಾರ ಹಾಕಿಕೊಂಡು ಶುಭಾಶಯದ ಸಾಲಿಗಾಗಿ ಕಾಯುತ್ತಿದ್ದರು. ಎದುರಿಗೆ ಆರುನೂರು ಖಾಲಿ ಕುರ್ಚಿ, ಮಂಡಿನೋವಿನಿಂದ ಏಳಲಾಗದ ಒಬ್ಬ ಅಜ್ಜಿ.

ಕಂಟ್ರಾಕ್ಟರರು ನನ್ನನ್ನು ಅಡುಗೆ ಕೋಣೆಯ ಹಿಂದೆ ಕರೆದುಕೊಂಡು ಹೋದರು. "ಊಟ ತಡ ಮಾಡುವುದು ಯಾಕೆ ಗೊತ್ತುಂಟಾ? ಜನ ನಿಲ್ಲಲಿ ಅಂತ. ನಿಮ್ಮ ಮಿಲಿಟರಿಯಲ್ಲಿ ಊಟವಾದ ಮೇಲೆ ಜನ ಓಡಿ ಹೋಗುವುದಿಲ್ವಾ?"

"ಓಡಿ ಹೋದವರಿಗೆ ಅಲ್ಲಿ ಶಿಕ್ಷೆ ಉಂಟು ಸರ್."

"ಇಲ್ಲಿ ಬೀಡಾ ಉಂಟು!" ಎಂದರು.

೪. ಲಾಭವಿಲ್ಲದ ಕಂಪನಿ

ಅಷ್ಟರಲ್ಲಿ ಮಾಜಿ ಸೈನಿಕರಿಗೆ ಖಾಸಗಿ ಕೆಲಸ ಸಿಗುವುದು ಹೇಗೆ ಎಂದು ಬಂಟ್ವಾಳದಲ್ಲಿ ಒಂದು ದಿನದ ಶಿಬಿರವಾಯಿತು. ತರಬೇತಿ ಕೊಟ್ಟ ಹೆಣ್ಣುಮಗಳಿಗೆ ಇಪ್ಪತ್ತೈದು ಆಗಿರಲಿಕ್ಕಿಲ್ಲ, ಆದರೆ ಗಂಟಲು ಸುಬೇದಾರರದ್ದು. "ಸರ್, ನಿಮ್ಮ ತೊಂದರೆ ಎಂತ ಅಂದರೆ ಮಿಲಿಟರಿ ಭಾಷೆ. ಅದನ್ನು ಪೂರ್ತಿ ಬಿಡಬೇಕು. ರೆಜಿಮೆಂಟ್ ಅನ್ನಬೇಡಿ, ಸಂಸ್ಥೆ ಅನ್ನಿ. ಶತ್ರು ಅನ್ನಬೇಡಿ, ಪ್ರತಿಸ್ಪರ್ಧಿ ಅನ್ನಿ. ಗಡಿ ಅನ್ನಬೇಡಿ, ಕಾರ್ಯಕ್ಷೇತ್ರ ಅನ್ನಿ." ನಾನು ಎಲ್ಲವನ್ನೂ ಬರೆದುಕೊಂಡೆ. ನನಗೆ ಆದೇಶ ಎಂದರೆ ಆದೇಶ.

ಮರುವಾರ ಮಾಣಿ ಪೇಟೆಯಲ್ಲಿ ಸಿಮೆಂಟು, ಕಬ್ಬಿಣ, ಪೈಪು ಮಾರುವ ಒಂದು ದೊಡ್ಡ ಗೋದಾಮಿಗೆ ಹೋದೆ. ಗೋದಾಮು ನೋಡಿಕೊಳ್ಳಲು ಅವರಿಗೆ ಜನ ಬೇಕಿತ್ತು. ಯಜಮಾನರು ಅರವತ್ತು ದಾಟಿದವರು. ಪಕ್ಕದಲ್ಲಿ ಅವರ ಹೆಂಡತಿಯ ತಮ್ಮ ಒಂದು ಲೆಕ್ಕದ ಪುಸ್ತಕ ಹಿಡಿದು ಕೂತಿದ್ದರು. ಯಜಮಾನರು ನನ್ನ ಬಯೋಡೇಟಾದ ಮೇಲೆ ಚಾ ಗ್ಲಾಸು ಇಟ್ಟು, "ಓದಲಿಕ್ಕೆ ಕನ್ನಡಕ ಇಲ್ಲ. ಬಾಯಲ್ಲಿ ಹೇಳಿ. ಮೊದಲು ಎಲ್ಲಿದ್ದಿರಿ?" ಎಂದರು.

"ಒಂದು ದೊಡ್ಡ ಸಂಸ್ಥೆ ಸರ್. ದೇಶದ ಎಲ್ಲ ಕಡೆ ಶಾಖೆ ಉಂಟು."

"ಎಂತ ಮಾರ್ತಾರೆ?"

"ಏನೂ ಮಾರುವುದಿಲ್ಲ."

"ಮತ್ತೆ ಲಾಭ?"

"ಲಾಭ ಇಲ್ಲ ಸರ್."

ಭಾವಮೈದುನ ತಲೆ ಎತ್ತದೆ ಬರೆದುಕೊಂಡರು.

"ಜನ ಎಷ್ಟಿದ್ದಾರೆ?"

"ಅದನ್ನು ಹೊರಗೆ ಹೇಳುವ ಹಾಗಿಲ್ಲ."

"ಪೈಪೋಟಿ ಉಂಟಾ?"

"ಇಬ್ಬರು ಪ್ರತಿಸ್ಪರ್ಧಿಗಳಿದ್ದಾರೆ. ಒಬ್ಬರು ಪಶ್ಚಿಮಕ್ಕೆ, ಇನ್ನೊಬ್ಬರು ಉತ್ತರಕ್ಕೆ. ಕಾರ್ಯಕ್ಷೇತ್ರದ ಅಂಚಿನಲ್ಲಿ ಜಾಗದ ತಕರಾರು."

ಜಾಗದ ತಕರಾರು ಎಂದ ಕೂಡಲೇ ಯಜಮಾನರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. "ಸರ್ವೆ ಮಾಡಿಸಲಿಲ್ವಾ?"

"ಮಾಡಿಸಿದ್ದಾರೆ. ಅವರು ಒಪ್ಪುವುದಿಲ್ಲ."

"ಒಪ್ಪುವುದಿಲ್ಲ, ಒಪ್ಪುವುದಿಲ್ಲ. ನಮ್ಮ ಬಡಗು ಬದಿಯವನೂ ಹಾಗೆಯೇ" ಎಂದು ನಿಟ್ಟುಸಿರು ಬಿಟ್ಟರು. ಆಮೇಲೆ ಏನೋ ಹೊಳೆದು ಮುಖ ಗಂಭೀರವಾಯಿತು. "ಏನೂ ಮಾರುವುದಿಲ್ಲ, ಲಾಭ ಇಲ್ಲ, ಜನ ಎಷ್ಟು ಅಂತ ಹೇಳುವ ಹಾಗಿಲ್ಲ. ನಿಜ ಹೇಳಿ, ಪೊಲೀಸಿನವರು ಬಂದದ್ದಕ್ಕೆ ನೀವು ಬಿಟ್ಟು ಬಂದದ್ದಾ? ಊರಿನವರ ದುಡ್ಡು ಎಷ್ಟು ಮುಳುಗಿತು?"

ಹದಿನೇಳು ವರ್ಷದಲ್ಲಿ ಯಾರೂ ನನಗೆ ಅಂಥ ಮಾತು ಹೇಳಿರಲಿಲ್ಲ. ಶಿಬಿರದ ಪಾಠ ಮರೆತೇ ಹೋಯಿತು. ಎದ್ದು ನಿಂತು ಕೂಗಿದೆ: "ಸರ್, ನಾನು ಮಿಲಿಟರಿಯಲ್ಲಿದ್ದೆ! ಭಾರತದ ಸೈನ್ಯ!"

ಹೊರಗೆ ಸಿಮೆಂಟು ಇಳಿಸುತ್ತಿದ್ದವರು ಚೀಲ ಹೆಗಲಲ್ಲಿಟ್ಟುಕೊಂಡೇ ನಿಂತರು. ಯಜಮಾನರು ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು. "ಅಯ್ಯೋ ಮಾರಾಯ್ರೆ, ಅದನ್ನು ಮೊದಲೇ ಹೇಳುವುದಲ್ವಾ! ನಾನು ಎಂತೆಂತದೋ ಹೇಳಿದೆ, ತಪ್ಪಾಯ್ತು. ನಾಳೆಯಿಂದಲೇ ಬನ್ನಿ. ಗೋದಾಮಿನ ಬೀಗದ ಕೈ ನಿಮ್ಮ ಹತ್ತಿರವೇ ಇರಲಿ."

ಒಂದು ವರ್ಷ ಅಲೆದದ್ದು ಸಾರ್ಥಕವಾಯಿತು ಎನ್ನುವಷ್ಟರಲ್ಲಿ ಭಾವಮೈದುನ ಮೊದಲ ಸಲ ಪುಸ್ತಕದಿಂದ ತಲೆ ಎತ್ತಿದರು.

"ಎಲ್ಲ ಸರಿ ಭಾವ. ಆದರೆ ಲಾಭವೇ ಇಲ್ಲದ ಕಡೆ ಇವರಿಗೆ ಹದಿನೇಳು ವರ್ಷ ಸಂಬಳ ಕೊಟ್ಟದ್ದು ಯಾರು?"

ಯಜಮಾನರು ಎದೆಯುಬ್ಬಿಸಿ ಹೇಳಿದರು: "ನಾವೇ ಮಾರಾಯ! ನಾನು, ನೀನು, ಟ್ಯಾಕ್ಸು ಕಟ್ಟುವವರೆಲ್ಲ."

ಭಾವಮೈದುನ ಪೆನ್ನಿನ ಮುಚ್ಚಳ ಹಾಕಿದರು.

"ನಾವು ಇಷ್ಟು ವರ್ಷ ಕೊಟ್ಟದ್ದು ಸಾಕಾಗಲಿಲ್ವಾ? ಪುನಃ ಇಲ್ಲಿಯೂ ಕೊಡಬೇಕಾ?"