ಬೆರ್ತ್ರಾಂ ಊರು ತೋರಿಸಿದ್ದು

ಮೇಯರ್ ಕ್ಲೊತಿಲ್ದ್ ಅವರ ಕಾರು ಆ ಗುರುವಾರ ಬೆಳಿಗ್ಗೆ ಎರಡು ಸಲ ಕೆಮ್ಮಿ ತಣ್ಣಗಾಗದೆ ಇದ್ದಿದ್ದರೆ, ಬೆರ್ತ್ರಾಂ ಕಸಾಯಾಕ್ ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿ ನೆಮ್ಮದಿಯಾಗಿ ಊಟಕ್ಕೆ ಕೂರುತ್ತಿದ್ದ.

ಕೆಲಸವೇನೂ ದೊಡ್ಡದಲ್ಲ. ತುಲೂಸ್ ನಗರದ ಅಂಚಿನ ಒಂದು ಮೇಯರ್ ಕಚೇರಿಯಿಂದ ಸೊಲೇನ್ ಮಾರ್ಶಾಂ ಎಂಬ ಕಾರ್ಯದರ್ಶಿ ಊರು ನೋಡಲು ಬರುತ್ತಿದ್ದಳು. ಅವಳ ಕುರ್ಚಿ ಇವನಿಗೆ, ಇವನ ಕುರ್ಚಿ ಅವಳಿಗೆ. ಪರಸ್ಪರ ವರ್ಗಾವಣೆ. ನಾನೂರು ಜನರ ಮೊಂತ್ರವೆಲ್ ಹಳ್ಳಿಯ ಕಾರ್ಯದರ್ಶಿಯಾಗಿ ಇಪ್ಪತ್ತೊಂದು ವರ್ಷ ಜನನಕ್ಕೆ, ಮರಣಕ್ಕೆ, ಕಳೆದುಹೋದ ನಾಯಿಗಳಿಗೆ ಮೊಹರು ಒತ್ತಿ ಬೆರ್ತ್ರಾಂನಿಗೆ ಸಾಕಾಗಿತ್ತು. ಸಂಜೆ ಏಳರ ಮೇಲೂ ತೆರೆದಿರುವ ಒಂದು ಕಾಫಿ ಅಂಗಡಿ, ನಡೆದು ಹೋಗುವಷ್ಟು ದೂರದಲ್ಲಿ ಒಂದು ಸಿನಿಮಾ, ತನ್ನ ಅಜ್ಜಿಯ ಹೆಸರು ಗೊತ್ತಿಲ್ಲದ ನೆರೆಹೊರೆ. ಇಷ್ಟೇ ಅವನ ಆಸೆ. ಒಂಬತ್ತು ವರ್ಷದಿಂದ ಅರ್ಜಿ ಹಾಕುತ್ತಿದ್ದರೂ ಅವನ ಜಾಗ ಬೇಕೆಂದವಳು ಇವಳೊಬ್ಬಳೇ.

ಆದ್ದರಿಂದ ಹಿಂದಿನ ವಾರವಿಡೀ ಅವನು ಕಚೇರಿಗೆ, ಬೇಕರಿಗೆ ಬಂದ ಒಬ್ಬೊಬ್ಬರನ್ನೂ ಹಿಡಿದು ಕೈಮುಗಿಯುವುದೊಂದು ಬಾಕಿ ಎಂಬಂತೆ ಬೇಡಿಕೊಂಡಿದ್ದ. "ಆಯಮ್ಮ ಏನು ಕೇಳಿದ್ರೂ ಚೆನ್ನಾಗಿದೆ ಅಂದ್ಬಿಡಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಯೋಜನೆ ಸರಳವಾಗಿತ್ತು. ಮೇಯರ್ ಕಾರಿನಲ್ಲಿ ಚರ್ಚು, ಚೌಕ, ಕಚೇರಿ ಮೂರನ್ನೂ ಒಂದು ಸುತ್ತು ತೋರಿಸಿ, ಬೇಕರಿಯ ಇವೊನ್ ಕೈಯ ಬಾತುಕೋಳಿ ಊಟ ಹಾಕಿಸಿ, ಅವಳಿಗೆ ತೂಕಡಿಕೆ ಬರುವ ಹೊತ್ತಿಗೆ ವರ್ಗಾವಣೆಯ ಕಾಗದಕ್ಕೆ ಸಹಿ ಹಾಕಿಸುವುದು.

"ಕಾರು ಹೋದ್ರೆ ಹೋಗ್ಲಿ ಬಿಡಿ, ಇನ್ನೂ ಒಳ್ಳೇದಾಯ್ತು," ಎಂದಳು ಬಸ್ಸಿನಿಂದ ಇಳಿದ ಸೊಲೇನ್. ಅವಳ ಕಂಕುಳಲ್ಲಿ ಒಂದು ಮಡಚುವ ಸೈಕಲ್ ಇತ್ತು. "ಹಳೇ ರೈಲು ದಾರೀನ ಸೈಕಲ್ ದಾರಿ ಮಾಡಿದಾರಂತಲ್ಲ? ಅದನ್ನ ನೋಡ್ಬೇಕು ಅಂತಾನೇ ಬಂದೆ. ನೀವು ದಿನಾ ಹೋಗ್ತೀರಲ್ವಾ?"

"ದಿನಾ!" ಎಂದ ಬೆರ್ತ್ರಾಂ. ಅವನು ಸೈಕಲ್ ಹತ್ತಿ ಮೂವತ್ತೈದು ವರ್ಷವಾಗಿತ್ತು. ಮನೆ, ಕಚೇರಿ, ಬೇಕರಿ ಈ ಮೂರರ ನಡುವಿನ ಇನ್ನೂರು ಮೀಟರ್ ಬಿಟ್ಟು ಊರಿನ ಬೇರೆ ಯಾವ ನೆಲವನ್ನೂ ಅವನ ಬೂಟು ತುಳಿದಿರಲಿಲ್ಲ.

ಮೇಯರ್ ತಮ್ಮ ತಂಗಿಯ ಸೈಕಲ್ ತರಿಸಿದರು. ಮುಂದೆ ಬುಟ್ಟಿ, ಬುಟ್ಟಿಯಲ್ಲಿ ಬೆಕ್ಕು. ಬೆಕ್ಕನ್ನು ಎಬ್ಬಿಸಿ ಇಳಿಸುವುದಕ್ಕೇ ಹತ್ತು ನಿಮಿಷ ಹಿಡಿಯಿತು. ಬೆರ್ತ್ರಾಂ ಹತ್ತಿದಾಗ ಸೈಕಲ್ಲು ಚೌಕದ ಕಾರಂಜಿಗೆ ಎರಡು ಪ್ರದಕ್ಷಿಣೆ ಹಾಕಿ, ಕೊನೆಗೆ ತನಗೇ ಬೇಸರ ಬಂದಂತೆ ರೈಲು ದಾರಿಯ ಕಡೆ ತಿರುಗಿತು.

ಮೊದಲ ಎರಡು ಕಿಲೋಮೀಟರ್ ಅವನು ಏದುಸಿರು ಬಿಡುತ್ತಲೇ ಊರು ಮಾರಿದ. "ಗಾಳಿ ನೋಡಿ ಮದಾಂ, ಔಷಧಿ! ಜನ ನೋಡಿ, ಚಿನ್ನ!" ಸೊಲೇನ್ ನಗುತ್ತ ಮುಂದೆ ಹೋಗುತ್ತಿದ್ದಳು. ಆಮೇಲೆ ಸುರಂಗ ಬಂತು.

ಆ ಸುರಂಗ ಅವನಿಗೆ ಚೆನ್ನಾಗಿ ಗೊತ್ತು, ಕಾಗದದ ಮೇಲೆ. ಅದರ ದುರಸ್ತಿಯ ಆರು ಕಡತಗಳನ್ನು ಅವನೇ ಟೈಪ್ ಮಾಡಿದ್ದ. ಉದ್ದ ಮುನ್ನೂರ ಹತ್ತು ಮೀಟರ್, ದೀಪ ನಲವತ್ತು. ಆದರೆ ಒಳಗೆ ಹೊಕ್ಕ ಕೂಡಲೇ ಮೈಗೆ ತಣ್ಣೀರು ಎರಚಿದಂಥ ಚಳಿ ಇರುತ್ತದೆಂದು ಯಾವ ಕಡತದಲ್ಲೂ ಇರಲಿಲ್ಲ. ಕಲ್ಲಿನಿಂದ ತೊಟ್ಟಿಕ್ಕುವ ಒಂದೊಂದು ಹನಿಯೂ ಅಲ್ಲಿ ಗಂಟೆಯಂತೆ ಕೇಳುತ್ತಿತ್ತು. ದೂರದ ಕೊನೆಯಲ್ಲಿ ಸೂಜಿ ಚುಚ್ಚಿದಷ್ಟು ಬೆಳಕು. ಅದು ನಾಣ್ಯವಾಯಿತು, ತಟ್ಟೆಯಾಯಿತು, ಬಾಗಿಲಾಯಿತು. ಬಾಗಿಲು ದಾಟಿದ್ದೇ ಬೆರ್ತ್ರಾಂನ ಕಾಲು ತಾನಾಗಿ ನೆಲಕ್ಕೆ ಊರಿತು.

ಕೆಳಗೆ ಹೊಳೆ ಹಸಿರು ಕಣಿವೆಯನ್ನು ಎರಡು ಸಲ ಬಳಸಿ ಹೋಗುತ್ತಿತ್ತು. ಅದರ ಮೇಲೆ ಹನ್ನೊಂದು ಕಮಾನಿನ ಕಲ್ಲುಸೇತುವೆ. ಆಚೆ ದಂಡೆಯ ಗೋಧಿ ಹೊಲದ ತುಂಬ ಕೆಂಪು ಗಸಗಸೆ ಹೂವು. ನೀಲಿ ಕಿಡಿಯೊಂದು ಸೇತುವೆಯ ಕೆಳಗಿನಿಂದ ಚಿಮ್ಮಿ ನೀರಿಗೆ ತಾಕಿ ಮಾಯವಾಯಿತು. ಮಿಂಚುಳ್ಳಿ.

"ಯಾಕೆ ಸುಮ್ಮನಾಗ್ಬಿಟ್ರಿ?" ಸೊಲೇನ್ ಕೇಳಿದಳು.

"ಇದು... ಇದು ಯಾವಾಗಿಂದ ಇಲ್ಲಿದೆ?" ಎಂದುಬಿಟ್ಟ ಬೆರ್ತ್ರಾಂ. ತಕ್ಷಣ ನಾಲಿಗೆ ಕಚ್ಚಿಕೊಂಡು, "ಅಂದ್ರೆ, ಹಕ್ಕಿ!" ಎಂದ.

ಸೇತುವೆಯಾಚೆ ಹೊಲದ ನಡುವೆ ಕಲ್ಲಿನ ಕಂಬಗಳ ಮೇಲೆ ಒಂದು ಪಾರಿವಾಳದ ಗೋಪುರ. ಒಳಗೆ ಹೋಗಿ ತಲೆಯೆತ್ತಿದರೆ, ನೆಲದಿಂದ ಸೂರಿನವರೆಗೆ ಸುತ್ತಲೂ ಗೂಡು, ಗೂಡು, ಬರೀ ಗೂಡು. ಒಂದೇ ಕಿಂಡಿಯಿಂದ ಇಳಿದ ಬಿಸಿಲು ಅವುಗಳ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಒಂದು ಪಾರಿವಾಳ ಬೆರ್ತ್ರಾಂನ ಬೋಳುತಲೆಗೆ ತನ್ನ ಕಾಣಿಕೆ ಇಳಿಸಿತು. ಅವನು ಅದನ್ನೂ ಭಕ್ತಿಯಿಂದಲೇ ಸ್ವೀಕರಿಸಿದ.

ಮುಂದಿನದು ಬೆಟ್ಟದ ಮೇಲಿನ ಪುಟ್ಟ ಪ್ರಾರ್ಥನಾ ಮಂದಿರ. ಬೀಗದ ಕೈ ಪಕ್ಕದ ಮನೆಯ ಗಸ್ತೋಂ ತಾತನ ಬಳಿ. ತಾತ ಬಾಗಿಲು ತೆರೆದು ಕಿಟಕಿಯ ಪರದೆ ಸರಿಸಿದ. ಐನೂರು ವರ್ಷದ ಹಿಂದೆ ಯಾರೋ ಹೆಸರಿಲ್ಲದವನು ಗೋಡೆ ತುಂಬ ದೇವದೂತರನ್ನು ಬರೆದಿದ್ದ. ಒಬ್ಬ ಕೊಳಲು, ಒಬ್ಬ ಡೋಲು, ಒಬ್ಬ ಗಾಳಿಚೀಲ ಒತ್ತಿ ಊದುವ ವಾದ್ಯ. ಮೂಲೆಯಲ್ಲಿದ್ದ ಒಬ್ಬನಿಗೆ ಏನೂ ಸಿಕ್ಕಿಲ್ಲ, ಸುಮ್ಮನೆ ಬಾಯಿ ತೆರೆದು ಕೇಳುತ್ತಿದ್ದಾನೆ. ಬೆರ್ತ್ರಾಂ ಅವನೆದುರು ನಿಂತ. ಅವನ ಬಾಯಿಯೂ ಹಾಗೇ ತೆರೆದಿತ್ತು. ಇಪ್ಪತ್ತೊಂದು ವರ್ಷ ನಾನು ಯಾವ ಊರಲ್ಲಿದ್ದೆ, ಎಂದು ಅವನಿಗೆ ಅನ್ನಿಸಿತು. ಈ ಊರನ್ನು ಬಿಟ್ಟು ಹೋಗುವುದು ಸಾಧ್ಯವೇ ಇಲ್ಲ ಎಂದು ಅಲ್ಲೇ ತೀರ್ಮಾನವಾಗಿ ಹೋಯಿತು.

ಹಾಗಾದರೆ ಈ ಹೆಂಗಸನ್ನು ಓಡಿಸಬೇಕು. ಸಂಜೆಯ ಬಸ್ಸಿಗೆ ಇನ್ನು ನಾಲ್ಕು ಗಂಟೆಯಿತ್ತು.

"ಚಳಿಗಾಲದಲ್ಲಿ ನೋಡ್ಬೇಕು ಮದಾಂ," ಎಂದು ಶುರುಮಾಡಿದ. "ಮೂರು ತಿಂಗಳು ಮಂಜು. ಸ್ವಂತ ಕೈ ಕಾಣ್ಸಲ್ಲ."

"ಯಾವ ಮಂಜು?" ಎಂದ ಗಸ್ತೋಂ ತಾತ, ಕೊಟ್ಟ ಮಾತು ನೆನಪಾಗಿ. "ಎಂಬತ್ತಮೂರು ವರ್ಷದಲ್ಲಿ ನಾನಂತೂ ಮಂಜು ಕಂಡಿಲ್ಲಮ್ಮ. ಡಿಸೆಂಬರ್‌ನಲ್ಲಿ ಅಂಗಿ ಬಿಚ್ಚಿ ಮಲಗ್ತೀನಿ." ಹೇಳಿ ಬೆರ್ತ್ರಾಂನತ್ತ ಕಣ್ಣು ಮಿಟುಕಿಸಿದ.

ಊಟಕ್ಕೆ ಬೇಕರಿಯಲ್ಲಿ ಕೂತಾಗ ಬೆರ್ತ್ರಾಂ ದನಿ ತಗ್ಗಿಸಿದ. "ಕಚೇರಿ ಸೂರು ಸೋರುತ್ತೆ. ಕೊಡೆ ಹಿಡ್ಕೊಂಡು ಟೈಪ್ ಮಾಡ್ಬೇಕು."

ಇವೊನ್ ಅಡಿಗೆಮನೆಯಿಂದಲೇ ಕೂಗಿದ. "ಅದು ಹೋದ್ವರ್ಷ! ಈಗ ಹೊಸ ಹೆಂಚು! ಮೇಯರಮ್ಮ ಅಂತೂ ದೇವತೆ ಮದಾಂ, ಬಾಯಿ ಬಿಟ್ಟು ಒಂದು ಮಾತು ಅಂದೋರಲ್ಲ!"

ಆ ಮೇಯರಮ್ಮನ ದನಿಗೆ ಚರ್ಚಿನ ಗಂಟೆಯೇ ನಾಚಿಕೊಳ್ಳುತ್ತಿತ್ತು. ಬೆರ್ತ್ರಾಂ ಮೇಜಿನ ಕೆಳಗಿಂದ ಇವೊನ್‌ಗೆ ಸುಮ್ಮನಿರು ಎಂದು ಕೈ ಆಡಿಸಿದ. ಇನ್ನೂ ಹೊಗಳು ಎನ್ನುತ್ತಿದ್ದಾನೆಂದು ಇವೊನ್ ತಿಳಿದುಕೊಂಡ. ಮುಂದಿನ ಅರ್ಧ ಗಂಟೆ ಮೊಂತ್ರವೆಲ್‌ನಲ್ಲಿ ಯಾರಿಗೂ ಹಲ್ಲುನೋವು ಸಹ ಬರುವುದಿಲ್ಲ ಎಂದು ಸಾಬೀತಾಯಿತು.

ಕೊನೆಯ ಅಸ್ತ್ರವೊಂದಿತ್ತು. ಊರಿನ ಕೆಳಗಿನ ಕೊಚ್ಚೆ ಜವುಗು. ಅದರ ನಾತ, ಸೊಳ್ಳೆ, ಕೆಸರಿನ ಬಗ್ಗೆ ಇಪ್ಪತ್ತೊಂದು ವರ್ಷದಲ್ಲಿ ನಲವತ್ತು ದೂರು ಬಂದಿದ್ದವು. ಎಲ್ಲಕ್ಕೂ ಅವನೇ ಮೊಹರು ಒತ್ತಿದ್ದ.

"ಹತ್ತಿರದ ದಾರಿ," ಎಂದು ಹೇಳಿ ಅವಳನ್ನು ನೇರ ಅಲ್ಲಿಗೇ ಕರೆದೊಯ್ದ. ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಬೆರ್ತ್ರಾಂ, ಬುಟ್ಟಿ, ಸೈಕಲ್ಲು ಮೂರೂ ಒಟ್ಟಿಗೆ ಕೆಸರಿಗೆ ಇಳಿದವು. ಸೊಂಟದವರೆಗೆ ಹೂತುಹೋದರೂ ಅವನು ಸಂತೋಷದಿಂದ ಕೂಗಿದ. "ನೋಡಿದ್ರಾ? ಇದೇ ಊರು! ಹೀಗೇ ಇರೋದು!"

ಕಣ್ಣಿನ ಕೆಸರು ಒರೆಸಿಕೊಂಡು ನೋಡಿದ. ಜವುಗಿನ ಉದ್ದಕ್ಕೂ ಎದೆಯೆತ್ತರದ ಹಳದಿ ಹೂವು ಸಾವಿರಗಟ್ಟಲೆ ಅರಳಿ ನಿಂತಿತ್ತು. ಅವನು ಬಿದ್ದ ಸದ್ದಿಗೆ ಎದ್ದ ಏರೋಪ್ಲೇನ್ ಚಿಟ್ಟೆಗಳು ಹೂವಿನ ಮೇಲೆ ತೇಲುತ್ತಿದ್ದವು. ಸಂಜೆಬಿಸಿಲಿಗೆ ಒಂದೊಂದು ರೆಕ್ಕೆಯೂ ಗಾಜಿನ ಚೂರಿನಂತೆ ಹೊಳೆಯುತ್ತಿತ್ತು. ಸೊಲೇನ್ ಕಣ್ಣಲ್ಲಿ ನೀರಿತ್ತು. ಕೆಸರಲ್ಲಿ ನಿಂತ ಬೆರ್ತ್ರಾಂನ ಕಣ್ಣಲ್ಲೂ.

ಊರಿಗೆ ಮರಳುವ ದಾರಿಯಲ್ಲಿ ಅವನಿಗೆ ಇನ್ನು ತಡೆಯಲಾಗಲಿಲ್ಲ.

"ಮದಾಂ, ನಿಜ ಹೇಳ್ಬಿಡ್ತೀನಿ. ನಾನು ಈ ಊರು ನೋಡಿದ್ದು ಇವತ್ತೇ ಮೊದಲು. ನಂಗೆ ತುಲೂಸ್ ಬೇಡ. ದಯವಿಟ್ಟು ಆ ಕಾಗದಕ್ಕೆ ಸಹಿ ಹಾಕ್ಬೇಡಿ."

ಸೊಲೇನ್ ಸೈಕಲ್ ನಿಲ್ಲಿಸಿದಳು. ಅವಳ ಮುಖ ಪೆಚ್ಚಾಯಿತು.

"ಅಯ್ಯೋ, ನಿಮಗೆ ಹೇಳಿಲ್ವಾ? ಸಹಿ ಹಾಕಿ ಕಳಿಸಿ ಹದಿನೈದು ದಿನ ಆಯ್ತಲ್ಲ! ಎರಡೂ ಕಡೆ ಮೇಯರ್ ಒಪ್ಪಿ, ಆದೇಶಾನೂ ಬಂದಿದೆ. ನಾನು ಬಾಡಿಗೆ ಮನೇನೂ ಬಿಟ್ಟಾಯ್ತು. ಇವತ್ತು ಸುಮ್ನೆ ಊರು ನೋಡ್ಕೊಂಡು ಹೋಗೋಣ ಅಂತ ಬಂದೆ."

ಬೆರ್ತ್ರಾಂ ಸೈಕಲ್ ತಳ್ಳಿಕೊಂಡು ಅವಳ ಹಿಂದೆ ಚೌಕದವರೆಗೆ ಕಾಲೆಳೆದ. ಕಚೇರಿಯ ಮುಂದೆ ಅರ್ಧ ಊರು ನೆರೆದಿತ್ತು. ಮೇಜಿನ ಮೇಲೆ ವೈನ್ ಬಾಟಲಿಗಳು, ನಡುವೆ ಇವೊನ್ ಮಾಡಿದ ಮೂರಂತಸ್ತಿನ ಕೇಕು. ಅದರ ಮೇಲೆ ಕೆನೆಯಲ್ಲಿ, "ಬೆರ್ತ್ರಾಂಗೆ ಶುಭ ಪ್ರಯಾಣ."

"ಆದೇಶ ಸೋಮವಾರಾನೇ ಬಂತು ಕಣೋ!" ಮೇಯರ್ ಕ್ಲೊತಿಲ್ದ್ ಕಣಿವೆಗೆಲ್ಲ ಕೇಳುವಂತೆ ಕೂಗಿ ಅವನ ಕೆಸರು ಬೆನ್ನಿಗೆ ಗುದ್ದಿದರು. "ಒಂಬತ್ತು ವರ್ಷ ಕಾದಿದೀಯ, ಎಲ್ಲರೂ ಸೇರಿ ಸಂಭ್ರಮ ಮಾಡೋಣ ಅಂತ ಮುಚ್ಚಿಟ್ಟಿದ್ದೆ. ನೋಡು, ಖುಷಿಗೆ ಹೆಂಗೆ ಅಳ್ತಾ ಇದಾನೆ ನಮ್ಮ ಹುಡುಗ!"

ಗಸ್ತೋಂ ತಾತ ಎದ್ದು ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು.

"ಅಲ್ಲಿ... ತುಲೂಸ್‌ನಲ್ಲಿ... ಕಚೇರಿ ಕಿಟಕಿಯಿಂದ ಏನು ಕಾಣುತ್ತೆ?" ಬೆರ್ತ್ರಾಂ ಪಿಸುಗುಟ್ಟಿ ಕೇಳಿದ.

"ಕಾರ್ ನಿಲ್ಸೋ ಕಟ್ಟಡದ ಗೋಡೆ," ಎಂದಳು ಸೊಲೇನ್. ಪಾಪ ಅನ್ನಿಸಿ ಅವನ ಕೈ ಹಿಡಿದುಕೊಂಡಳು. "ಬೇಜಾರು ಮಾಡ್ಕೋಬೇಡಿ ಮುಸ್ಯೂ ಬೆರ್ತ್ರಾಂ. ಆಗಸ್ಟ್ ರಜಕ್ಕೆ ಬನ್ನಿ. ಅಷ್ಟರೊಳಗೆ ನಾನು ಮಿಕ್ಕಿದ್ದೆಲ್ಲಾ ನೋಡಿರ್ತೀನಿ, ನಿಮಗೆ ಊರು ಸುತ್ತಿಸ್ತೀನಿ."