ಶಿದ್ರಾಮಪ್ಪನವರ ಕವಲುಹಳಿ

ಹನ್ನೊಂದನೆಯ ದಿನದ ಕಾರ್ಯ ಮುಗಿದು, ನೆಂಟರೆಲ್ಲ ಬಸ್ಸು ಹತ್ತಿ ಹೋದ ಮರುದಿನ ಬೆಳಿಗ್ಗೆ ತೀರಿಹೋದ ಮುರಗೆಪ್ಪನ ಹೆಸರಿಗೇ ಒಂದು ಕಾರ್ಡು ಬಂತು. ಟಪಾಲಿನವನು ಅದನ್ನು ಕೊಡಲೋ ಬೇಡವೋ ಎಂದು ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತು, ಕೊನೆಗೆ ಅವನ ಹೆಂಡತಿ ಶೇವಂತಿಯ ಕೈಗಿಟ್ಟು ಹೋದ.

'ನೀವು ಒಯ್ದ ಕವಲುಹಳಿ ಬೇಕಾಗಿದೆ. ನಾಡಿದ್ದು ಮೊಮ್ಮಕ್ಕಳು ಬರುತ್ತಾರೆ. ಶಿದ್ರಾಮಪ್ಪ, ಜಮಖಂಡಿ.'

ಜಮಖಂಡಿಗೆ ರೈಲು ಬಂದಿರಲಿಲ್ಲ. ಶಿದ್ರಾಮಪ್ಪನವರ ಪಡಸಾಲೆಗೆ ಮಾತ್ರ ಬಂದಿತ್ತು. ಸಂಸ್ಥಾನದ ಕಾಲದಲ್ಲಿ ಮುಂಬಯಿಯಿಂದ ತರಿಸಿದ, ಕರೆಂಟಿನ ಮೇಲೆ ಓಡುವ ಆಟದ ಗಾಡಿ. ಗುಂಡಿ ಒತ್ತಿದರೆ ಕವಲುಹಳಿ ಟಕ್ಕೆಂದು ಹೊರಳಿ ಗಾಡಿಯನ್ನು ಬೇರೆ ದಾರಿಗೆ ಕಳಿಸುತ್ತಿತ್ತು. ಬನಹಟ್ಟಿಯಲ್ಲಿ ರೇಡಿಯೋ, ಮೋಟಾರು ರಿಪೇರಿ ಮಾಡುತ್ತಿದ್ದ ಮುರಗೆಪ್ಪ ಒಂದು ಕವಲುಹಳಿಯನ್ನು ತಂದು ಕಪಾಟಿನಲ್ಲಿಟ್ಟಿದ್ದ. ಅಷ್ಟರಲ್ಲಿ ಜ್ವರ ಬಂತು.

"ಮಂದಿ ಜಿನ್ನಸು ಇಟಗೊಂಡು ಹ್ವಾದ ಅಂತ ನನ್ನ ಮಗನ ಹೆಸರಿಗೆ ಬರಬಾರದವ್ವಾ," ಎಂದಳು ಅತ್ತೆ ಸಾತವ್ವ. "ಇವತ್ತ ಕೊಟ್ಟು ಬಾ. ಇಸಗೊಂಡದ್ದು ತಿರುಗಿ ಕೊಡಾಕ ಯಾವ ಸೂತಕಾನೂ ಇಲ್ಲ."

"ಕೆಟ್ಟದ್ದನ್ನ ಹಂಗ ಒಯ್ದು ಕೊಟ್ಟರ ಹೆಸರು ಉಳಿತೈತೇನು?" ಎಂದು ಗೋಡೆಯಾಚೆಯಿಂದ ಒಂದು ತಲೆ ಮೇಲೆದ್ದಿತು. ಅದು ಪಕ್ಕದ ಮನೆಯ ಗುರಪ್ಪನದು. ನಾಲ್ಕು ಪವರ್ ಮಗ್ಗಗಳ ಒಡೆಯ. ಯಾವ ಸಾಮಾನು ಕೆಟ್ಟರೂ ತಾನೇ ಮೊದಲು ಬಿಚ್ಚುವವನು. ಮುರಗೆಪ್ಪನ ಗಿರಾಕಿಗಳಲ್ಲಿ ಅರ್ಧ ಜನ ಗುರಪ್ಪನ ಕೈಯಿಂದ ಪಾರಾಗಿ ಬಂದವರು.

"ಕೆಟ್ಟೈತೋ ಇಲ್ಲೋ, ಒಮ್ಮೆ ಹಚ್ಚಿ ನೋಡೂಣಲ್ರೀ ಕಾಕಾ," ಎಂದಳು ಶೇವಂತಿ.

"ನೋಡೂದೇನೈತಿ? ಮುರಗೆಪ್ಪನ ಮನಿಗೆ ನೆಟ್ಟಗಿದ್ದದ್ದು ಯಾವಾಗ ಬಂದೈತಿ?"

ಶೇವಂತಿ ಕವಲುಹಳಿಯನ್ನೂ, ಗಂಡ ಸಾಮಾನು ಹಚ್ಚಿ ನೋಡುತ್ತಿದ್ದ ಟ್ರಾನ್ಸ್‌ಫಾರ್ಮರನ್ನೂ ಕಪಾಟಿನಿಂದ ತೆಗೆದಿಟ್ಟಳು. ಗುರಪ್ಪ ಗೋಡೆ ಸುತ್ತಿ ಬಂದು ಕೂತ. ಮೊದಲು ಲಾಳಿಗೆ ಹಾಕುವ ಎಣ್ಣೆಯನ್ನು ಹಳಿಯ ತುಂಬ ಹೊಯ್ದ. ಹಳಿ ಕರಿದ ಹಪ್ಪಳದಂತೆ ಹೊಳೆಯಿತು. ಆಮೇಲೆ ತಗಡಿನ ಮುಚ್ಚಳ ಎಬ್ಬಿಸಿದ. ಒಳಗೆ ಕೂದಲಿನಂಥ ತಾಮ್ರದ ತಂತಿ ಸುತ್ತಿತ್ತು. ಮುಚ್ಚಳದ ಜೊತೆಗೆ ಅದೂ ಎದ್ದು ಪಟ್ಟನೆ ಹರಿಯಿತು.

"ಹಾಂ! ಸಿಕ್ಕಿತು ನೋಡು ರೋಗ. ಎಳಿ ಹರದೈತಿ!"

"ಈಗ ನೀವ ಹರದ್ರಿ," ಎಂದಳು ಅವನ ಹೆಂಡತಿ ಲಗಮವ್ವ. ಅವಳೂ ಬಂದು ಬಾಗಿಲಲ್ಲಿ ನಿಂತಿದ್ದಳು.

"ನಿನಗೇನ ತಿಳಿತೈತಿ ಸುಮ್ಮನಿರ. ಇಪ್ಪತ್ತು ವರ್ಸ ಎಳಿ ಕಟ್ಟೇನಿ ನಾ."

ಅವನು ಕಟ್ಟಿದ ಗಂಟು ಕಣ್ಣಿಗೆ ಕಾಣದಷ್ಟು ಸಣ್ಣದಿತ್ತು. ಆದರೆ ಎರಡು ಸಡಿಲ ತುದಿ ಕಂಡರೆ ನೇಕಾರನ ಬೆರಳು ಸುಮ್ಮನಿರುವುದಿಲ್ಲ. ಮುರಗೆಪ್ಪನ ಟ್ರಾನ್ಸ್‌ಫಾರ್ಮರಿನಿಂದ ಇಳಿಬಿದ್ದಿದ್ದ ಎರಡು ತಂತಿಗಳನ್ನೂ ಮಾತಾಡುತ್ತಲೇ ಒಂದಕ್ಕೊಂದು ಗಂಟುಹಾಕಿಬಿಟ್ಟ. ಶೇವಂತಿ ಅದನ್ನು ನೋಡದೆ ಸ್ವಿಚ್ಚು ಹಾಕಿದಳು.

ದೀಪ ಆರಿತು. ಗೋಡೆಯಾಚೆ ನಾಲ್ಕೂ ಮಗ್ಗ ಒಮ್ಮೆಲೇ ನಿಂತವು. ಎರಡೂ ಮನೆಗೆ ಫ್ಯೂಜು ಒಂದೇ.

"ಮಂದಿ ಗಾಡಿ ಓಡಸಾಕ ಹೋಗಿ ಮನ್ಯಾನ ಮಗ್ಗ ನಿಲ್ಲಿಸಿದ್ರಲ್ಲಾ!" ಎಂದಳು ಲಗಮವ್ವ. ಸದ್ದು ನಿಂತದ್ದಕ್ಕೇ ಹೆದರಿ ಓಣಿಯವರೆಲ್ಲ ಬಂದರು. ಒಬ್ಬೊಬ್ಬರೂ ಕವಲುಹಳಿಯನ್ನು ಕೈಗೆ ತೆಗೆದುಕೊಂಡು ಅಲುಗಿಸಿ, ಕಿವಿಗಿಟ್ಟು, ಕಾಯಿಲೆಯ ಕೂಸನ್ನು ನೋಡಿದಂತೆ ತಲೆ ಅಲ್ಲಾಡಿಸಿ ಕೊಟ್ಟರು.

ಶೇವಂತಿ ಫ್ಯೂಜಿಗೆ ಹೊಸ ತಂತಿ ಹಾಕಿದಳು. ಎಣ್ಣೆ ಒರೆಸಿದಳು. ಎರಡೂ ಗಂಟುಗಳನ್ನು ಬಿಚ್ಚಿ, ಗಂಡ ಮಾಡುತ್ತಿದ್ದುದನ್ನು ನೆನೆದು, ಹರಿದ ತಂತಿಯ ಎರಡು ತುದಿಗಳನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದಳು. ಮೇಲಿನ ವಾರ್ನಿಸು ಹೋಗಿ ತಾಮ್ರ ಹೊಳೆಯಿತು. ಹೊಸೆದು ಕಟ್ಟಿ, ಟ್ರಾನ್ಸ್‌ಫಾರ್ಮರಿಗೆ ಹಚ್ಚಿದಳು. ಒತ್ತಿದಳು.

ಟಕ್.

ಇನ್ನೊಮ್ಮೆ ಒತ್ತಿದಳು. ಟಕ್. ಹನ್ನೆರಡು ದಿನಗಳಲ್ಲಿ ಅವಳು ಹೇಳಿದಂತೆ ಕೇಳಿದ್ದು ಇದೊಂದೇ.

"ನಾ ಹೇಳಲಿಲ್ಲಾ, ಎಳಿ ಹರದಿತ್ತಂತ?" ಎಂದ ಗುರಪ್ಪ. ಜಮಖಂಡಿಗೆ ಅವಳ ಜೊತೆ ತಾನೂ ಎಸ್.ಟಿ. ಬಸ್ಸು ಹತ್ತಿದ. ದಾರಿಯುದ್ದಕ್ಕೂ ಕಂಡಕ್ಟರಿಗೆ ಗಂಟಿನ ಕತೆ ಹೇಳಿದ.

ಶಿದ್ರಾಮಪ್ಪನವರು ಪಡಸಾಲೆಯಲ್ಲಿ ಹಳಿ ಜೋಡಿಸುತ್ತ ಕೂತಿದ್ದರು. "ಮುರಗೆಪ್ಪ ಬರಲಿಲ್ಲೇನು?" ಎಂದರು.

"ಹೋಗಿ ಹನ್ನೆರಡು ದಿನ ಆತ್ರೀ," ಎಂದಳು ಶೇವಂತಿ.

ಅವರು ಕೈಲಿದ್ದ ಹಳಿಯನ್ನು ಕೆಳಗಿಟ್ಟರು. ಗುರಪ್ಪನಿಗೆ ಸುಮ್ಮನಿರಲಾಗಲಿಲ್ಲ.

"ಕವಲುಹಳಿ ಪೂರಾ ಕೆಟ್ಟಿತ್ತರೀ! ಬೆಳಿಗ್ಗಿಂದ ಕುಂತು ನಾನೂ ಈಕೀನೂ ರಿಪೇರಿ ಮಾಡೇವಿ. ಮುರಗೆಪ್ಪನ ಹೆಸರು ಉಳೀತು."

"ಕೆಟ್ಟಿತ್ತು?" ಶಿದ್ರಾಮಪ್ಪನವರು ಕನ್ನಡಕ ಏರಿಸಿದರು. "ಇದು ಬಲಗಡೆದ್ದೋ ಮಾರಾಯಾ. ಇಪ್ಪತ್ತೈದು ವರ್ಸದಾಗ ಒಂದು ದಿನಾ ಕೆಟ್ಟಿಲ್ಲ. ಕೆಟ್ಟದ್ದು ಎಡಗಡೆದ್ದು. ಒಳಗ ತಂತಿ ಹೆಂಗ ಸುತ್ತ್ಯಾರ, ನೋಡಿ ಬಂದು ಅದನ್ನ ಮಾಡಿಕೊಡತೇನಿ ಅಂತ ಮುರಗೆಪ್ಪ ಈ ಛಲೋದನ್ನ ಕಡಾ ಒಯ್ದಿದ್ದ."

ಗುರಪ್ಪ ಛಾವಣಿಯ ತೊಲೆಗಳನ್ನು ಎಣಿಸತೊಡಗಿದ.

"ಇರಲಿ ಬಿಡವ್ವಾ," ಎಂದರು ಶಿದ್ರಾಮಪ್ಪನವರು ಮೆತ್ತಗೆ. "ಇನ್ನ ಆ ಎಡಗಡೆದ್ದನ್ನ ಮಾಡಾವರು ಯಾರದಾರ? ಒಂದ ದಾರ್ಯಾಗ ಓಡಸತಾವ ಹುಡುಗರು."

"ಯಾಕರೀ? ಈಕಿನ ಮಾಡತಾಳ!" ಎಂದ ಗುರಪ್ಪ, ತೊಲೆಗಳಿಂದ ಥಟ್ಟನೆ ಕೆಳಗಿಳಿದು. "ನಾಳೆ ಮಧ್ಯಾಹ್ನದೊಳಗ! ಬಾಜೂಕ ನಾ ಇದ್ದ ಇದ್ದೇನಿ!"

ಶೇವಂತಿ ಬಾಯಿ ತೆರೆಯುವಷ್ಟರಲ್ಲಿ ಮುದುಕರು ಒಳಗೆ ಹೋಗಿ, ತುಕ್ಕು ಹಿಡಿದ ಇನ್ನೊಂದು ಕವಲುಹಳಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದಿದ್ದರು. ಮುಖ ನೋಡಿದರೆ ಇಲ್ಲ ಅನ್ನುವ ಹಾಗಿರಲಿಲ್ಲ. ಅವಳು ಅದನ್ನು ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಗಂಡ ಕಡ ತಂದಿದ್ದನ್ನು ಸೆರಗಿನಿಂದ ಇನ್ನೊಮ್ಮೆ ಒರೆಸಿ ಅವರ ಕೈಗೆ ಕೊಟ್ಟಳು.