ಒಂದೂವರೆ ಇಂಚು

ಟ್ಯಾಪ್‌ಸ್ಕಾಟನ ಹಸಿರು ಸ್ಪೋರ್ಟ್ಸ್ ಕಾರು ಇರಬೇಕಾದ್ದಕ್ಕಿಂತ ಒಂದೂವರೆ ಇಂಚು ಎತ್ತರವಾಗಿತ್ತು. ತಪ್ಪು ಅವನದಲ್ಲ. ಅದು ತಯಾರಾಗುವ ಹೊತ್ತಿಗೆ ಅಮೆರಿಕದವರು ಬಂಪರು ನೆಲದಿಂದ ಇಂತಿಷ್ಟು ಮೇಲಿರಬೇಕೆಂದು ಸುರಕ್ಷತೆಯ ನಿಯಮ ಮಾಡಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇಂಗ್ಲೆಂಡು ಬಿಟ್ಟು ಕದಲದ ಕಾರನ್ನೂ ಕಾರ್ಖಾನೆಯವರು ಎತ್ತಿ ನಿಲ್ಲಿಸಿದ್ದರು.

ಆವತ್ತು ಮಧ್ಯಾಹ್ನ ಹಳ್ಳಿಯ ಹುಲ್ಲುಬಯಲಿನಲ್ಲಿ ಹಳೇ ಕಾರುಗಳ ಕ್ಲಬ್ಬಿನ ಪ್ರದರ್ಶನ. ಹತ್ತೊಂಬತ್ತು ವರ್ಷದಿಂದ ಟ್ಯಾಪ್‌ಸ್ಕಾಟನಿಗೆ ಅಲ್ಲಿ ಚಹಾ ಬಿಟ್ಟರೆ ಬೇರೇನೂ ಸಿಕ್ಕಿರಲಿಲ್ಲ. ಸಾಯುವುದರೊಳಗೆ ಒಮ್ಮೆ ಅಲ್ಲಿನ ಮೊದಲ ಬಹುಮಾನದ ಕಪ್ಪನ್ನು ಎತ್ತಬೇಕೆಂಬ ಆಸೆ ಅವನಿಗೆ.

ಬೆಳಿಗ್ಗೆ ಬೇಲಿಯ ಮೇಲಿಂದ ಪಕ್ಕದ ಮನೆಯ ಓಕ್‌ಶಾಟ್ ಇಣುಕಿದ.

"ಏನಯ್ಯಾ, ಇವತ್ತೂ ಲಂಗ ಎತ್ಕೊಂಡು ಹೊಳೆ ದಾಟೋ ಅಜ್ಜಿ ಥರಾನೇ ಬರುತ್ತಾ ನಿನ್ನ ಕಾರು? ನಾವೆಲ್ಲ ಯಾವತ್ತೋ ತಗ್ಗಿಸಿದೀವಿ. ನನ್ಹತ್ರ ಗಿಡ್ಡ ಸ್ಪ್ರಿಂಗ್ ಇದೆ, ಹಾಕ್ಬಿಡೋಣ ಬಾ."

"ಈಗ್ಲಾ?"

"ಈಗಲ್ದೆ ಇನ್ಯಾವಾಗ? ಇವತ್ತು ತೀರ್ಪು ಹೇಳೋರು ಯಾರು ಗೊತ್ತಾ? ಈ ಕಾರಿನ ನಕ್ಷೆ ಬರೆದ ವೈಚರ್ಲಿ ಸಾಹೇಬ್ರು!"

ಆ ಹೆಸರು ಕೇಳಿ ಟ್ಯಾಪ್‌ಸ್ಕಾಟನ ಅಂಗಿಯ ತೋಳು ಮೇಲೇರಿತು. ಇಬ್ಬರೂ ಕಾರಿನಡಿ ನುಸುಳಿದರು. ಸ್ಪ್ರಿಂಗು ಕೂರುವಷ್ಟರಲ್ಲಿ ಟ್ಯಾಪ್‌ಸ್ಕಾಟನ ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಮಧ್ಯಾಹ್ನ ಬಯಲಿಗೆ ಹೊರಟಾಗ, ತಗ್ಗಿದ ಕಾರು ಚರ್ಚಿನ ಮುಂದಿನ ರಸ್ತೆಯುಬ್ಬಿಗೆ ತಾಗಿ ಸೈಲೆನ್ಸರು ಕಳಚಿ ಬಿತ್ತು. ಕಾರು ಟ್ರ್ಯಾಕ್ಟರಿನಂತೆ ಅಬ್ಬರಿಸುತ್ತ ಬಯಲಿಗೆ ನುಗ್ಗಿದಾಗ ಪಾದ್ರಿಗಳ ಕೈಯಿಂದ ಕೇಕು ಜಾರಿತು.

ಎಂಜಿನ್ ಆರಿಸಿ ಇಳಿದು ತಿರುಗಿ ನೋಡಿದ ಟ್ಯಾಪ್‌ಸ್ಕಾಟ್ ಬೆರಗಾಗಿ ನಿಂತುಬಿಟ್ಟ. ಇದು ತನ್ನದೇ ಕಾರೇ? ನೆಗೆಯಲು ಹೊಂಚುವ ಬೆಕ್ಕಿನಂತೆ ಹುಲ್ಲಿಗೆ ಮೈಯಂಟಿಸಿ ಕುಳಿತಿತ್ತು. ಬೈಯಲು ಓಡಿಬಂದವರೂ ಅದರ ಸುತ್ತ ಪ್ರದಕ್ಷಿಣೆ ಹಾಕತೊಡಗಿದರು. ಒಂದೂವರೆ ಇಂಚಿನಲ್ಲಿ ಇಷ್ಟೊಂದು ಚೆಲುವು ಅಡಗಿತ್ತೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ತೊಂಬತ್ತರ ವೈಚರ್ಲಿ ಕೋಲೂರುತ್ತ ಬಂದರು. ಕಾರಿನ ಪಕ್ಕ ಹುಲ್ಲಿನ ಮೇಲೆ ಮಂಡಿಯೂರಿದರು. ಬಯಲಿಗೆ ಬಯಲೇ ಸುತ್ತ ನೆರೆಯಿತು.

"ನಾನು ಬರೆದದ್ದು ಹೀಗೇ ಕಣಪ್ಪಾ," ಅವರ ಕಣ್ಣು ತುಂಬಿತ್ತು. "ಆಮೇಲೆ ಆ ಅಮೆರಿಕದವರ ನಿಯಮ ಬಂತು. ನನ್ನ ಕೈಯಾರೆ ಎತ್ತರಿಸ್ದೆ. ಆ ರಾತ್ರಿ ಊಟ ಸೇರ್ಲಿಲ್ಲ."

ಟ್ಯಾಪ್‌ಸ್ಕಾಟನೂ ಅತ್ತ. ಓಕ್‌ಶಾಟ್ ಅವನ ಬೆನ್ನಿಗೆ ಗುದ್ದಿದ: "ಗೆದ್ದೆ ಕಣೋ!"

ಮುದುಕರು ಕಣ್ಣೊರೆಸಿಕೊಂಡು ಚೀಲದಿಂದ ಕಪ್ಪು ತೆಗೆದರು.

"ಚೆಂದಕ್ಕೇನೋ ಇದೇ ಚೆಂದ. ಆದ್ರೆ ಎಲ್ಲರೂ ತಗ್ಗಿಸ್ಕೊಂಡ್ರಲ್ಲ! ನಾನು ಸಂಕಟಪಟ್ಟು ಮಾಡಿದ್ದನ್ನ, ನಗೆಪಾಟಲಾದ್ರೂ ಹಾಗೇ ಉಳಿಸ್ಕೊಂಡೋರು ಇಡೀ ಕ್ಲಬ್ಬಲ್ಲಿ ಒಬ್ಬರೇ ಅಂತೆ. ಈ ಸಲ ಕಪ್ಪು ಅವರಿಗೇ ಅಂತ ಹೆಸರೂ ಕೆತ್ತಿಸ್ಕೊಂಡು ಬಂದೆ." ಕನ್ನಡಕ ಸರಿಮಾಡಿಕೊಂಡು ಓದಿದರು. "ಟ್ಯಾಪ್‌ಸ್ಕಾಟ್. ಎಲ್ಲಿದಾರೆ ಅವರು?"

ಓಕ್‌ಶಾಟ್ ಮೆಲ್ಲಗೆ ಚಹಾದ ಡೇರೆಯತ್ತ ಜಾರಿದ. ಟ್ಯಾಪ್‌ಸ್ಕಾಟ್ ತನ್ನ ಚೆಲುವಾದ ಕಾರನ್ನೊಮ್ಮೆ, ಕಪ್ಪಿನ ಮೇಲೆ ಹೊಳೆಯುವ ತನ್ನ ಹೆಸರನ್ನೊಮ್ಮೆ ನೋಡಿದ.

"ಅವರು ಇವತ್ತು ಬಂದಿಲ್ಲ, ಸಾರ್," ಅಂದ.